ಹ್ಯಾಲೋವೀನ್‌ಗೆ ಮನೆ ಮುಂದೆ ಹಾಕೋಕೆ ಭಯ ಹುಟ್ಟಿಸೋ ಮ್ಯೂಸಿಕ್ ಯಾವ್ದಿದೆ? (ಹಾಡು ಬೇಡ, ಬರೀ ವಾದ್ಯ)

ಎಲೆಅಡಿಕೆ
ನಮಸ್ಕಾರ ಎಲ್ರಿಗೂ. ನಾವಿರೋದು ನ್ಯೂಜರ್ಸಿ, ಇಷ್ಟು ವರ್ಷ ಅಪಾರ್ಟ್‌ಮೆಂಟಲ್ಲಿದ್ವಿ, ಅಲ್ಲಿಗೆ ಕ್ಯಾಂಡಿ ಕೇಳ್ಕೊಂಡು ಬರೋ ಮಕ್ಳೇ ಕಮ್ಮಿ. ಈ ವರ್ಷ ಸ್ವಂತ ಮನೆ ಆಯ್ತು, ಎದುರು ಮನೆಯವ್ರು ಸೆಪ್ಟೆಂಬರ್ ಕೊನೇಲೇ 12 ಅಡಿ ಅಸ್ಥಿಪಂಜರ ನಿಲ್ಸಿದಾರೆ, ಈ ಕಡೆಯವ್ರ ಲಾನ್ ಪೂರ್ತಿ ಗೋರಿ ಕಲ್ಲು. ನಮ್ಮನೇದು ಒಂದು ಕುಂಬಳಕಾಯಿ, ಅದನ್ನೂ ಅಳಿಲು ಅರ್ಧ ತಿಂದಿದೆ. ಮಗಳು "ಅಪ್ಪಾ ನಮ್ಮನೆ ಬೋರಿಂಗ್" ಅಂತ ಮುಖ ಊದಿಸ್ಕೊಂಡು ಕೂತಿದಾಳೆ. ದುಡ್ಡು ಸುರಿಯೋ ಮನಸ್ಸಿಲ್ಲ, ಒಂದು ಬ್ಲೂಟೂತ್ ಸ್ಪೀಕರ್ ಇದೆ, ಮ್ಯೂಸಿಕ್ಕಲ್ಲೇ ಗೆಲ್ಲೋಣ ಅಂತ.

ಯೂಟ್ಯೂಬಲ್ಲಿ "ಮೂರು ಗಂಟೆ ಭಯಾನಕ ಸಂಗೀತ" ಅಂತ ಒಂದು ಹಾಕಿ ನೋಡ್ದೆ. ತೋಳ ಊಳಿಡತ್ತೆ, ಬಾಗಿಲು ಕಿರ್ರ್ ಅನ್ನತ್ತೆ, ಯಾರೋ ಹೆಂಗಸು ನಗ್ತಾಳೆ, ಮತ್ತೆ ತೋಳ. ಹತ್ತು ನಿಮಿಷಕ್ಕೆ ತಲೆನೋವು. ಮಧ್ಯದಲ್ಲಿ ಕಾರ್ ಇನ್ಶೂರೆನ್ಸ್ ಜಾಹೀರಾತು. ಎರಡು ಗಂಟೆ ಓಡೋಷ್ಟು ಒಳ್ಳೇ ವಾದ್ಯಸಂಗೀತ ಹೇಳಿ. ಪುಟ್ಟ ಮಕ್ಳು ಅಳಬಾರ್ದು, ದಾವಣಗೆರೆಯಿಂದ ಅಪ್ಪ ಅಮ್ಮ ಬಂದಿದಾರೆ ಅವ್ರಿಗೂ ಸಹಿಸ್ಕೊಳ್ಳೋ ಹಾಗಿರ್ಬೇಕು.

ರಾತ್ರಿಪಾಳಿ
ಎದುರು ಮನೆಯವ್ರು ಹಾಕೇ ಹಾಕ್ತಾರೆ, ಅದೇ ನಿಮ್ಮನೇಗೂ ಕೇಳ್ಸತ್ತೆ. ಸುಮ್ನೆ ಯಾಕೆ ಕರೆಂಟ್ ದಂಡ

ಶ್ರುತಿಪೆಟ್ಟಿಗೆ
ಮೊದಲ್ನೇದಾಗಿ ಸೌಂಡ್ ಎಫೆಕ್ಟ್ ಬೇರೆ ಸಂಗೀತ ಬೇರೆ ಸ್ವಾಮಿ. ನೀವು ಹಾಕಿದ್ದು ಎಫೆಕ್ಟ್, ಅದಕ್ಕೇ ತಲೆನೋವು.

ನೀವು ಶುರು ಮಾಡ್ಬೇಕಾಗಿರೋದು ಸ್ಯಾಂ-ಸಾನ್ಸ್ ಅನ್ನೋ ಫ್ರೆಂಚ್ ಸಂಯೋಜಕ 1874ರಲ್ಲಿ ಬರೆದ ದಾನ್ಸ್ ಮಕಾಬ್ರ್‌ನಿಂದ. ಏಳು ನಿಮಿಷದ ತುಣುಕು. ಕಥೆ ಏನಂದ್ರೆ ಹ್ಯಾಲೋವೀನ್ ರಾತ್ರಿ ಸಾವು ಅನ್ನೋನು ಸ್ಮಶಾನಕ್ಕೆ ಬಂದು ಪಿಟೀಲು ನುಡಿಸ್ತಾನೆ, ಗೋರಿಯಿಂದ ಅಸ್ಥಿಪಂಜರಗಳು ಎದ್ದು ಕುಣಿತಾವೆ. ಶುರುನಲ್ಲಿ ಹಾರ್ಪ್ ಒಂದೇ ಸ್ವರಾನ 12 ಸಲ ಮೀಟತ್ತೆ, ಅಂದ್ರೆ ಮಧ್ಯರಾತ್ರಿ ಗಂಟೆ ಹೊಡೀತು. ಮೂಳೆ ಮೂಳೆ ಬಡಿಯೋ ಸದ್ದಿಗೆ ಕ್ಸೈಲೋಫೋನ್. ಕೊನೇಲಿ ಓಬೋ ಅನ್ನೋ ಊದೋ ವಾದ್ಯದಲ್ಲಿ ಕೋಳಿ ಕೂಗತ್ತೆ, ಬೆಳಕು ಹರೀತು ಅಂತ ಎಲ್ಲಾ ಗೋರಿ ಒಳಗೆ ವಾಪಸ್. ಕಥೆ ಗೊತ್ತಿದ್ದು ಕೇಳಿದ್ರೆ ಮಗಳಿಗೂ ಮಜಾ ಬರತ್ತೆ.

ಇನ್ನೊಂದು ವಿಷ್ಯ, ಅದರಲ್ಲಿ ಪಿಟೀಲಿನ ಶ್ರುತಿನೇ ಕೆಡ್ಸಿದಾರೆ, ಬೇಕಂತಲೇ. ಮೇಲಿನ ತಂತೀನ ಅರ್ಧ ಸ್ವರ ಇಳಿಸಿ ಕಟ್ಟಿರ್ತಾರೆ. ಪಕ್ಕದ ತಂತಿ ಜೊತೆ ಅದನ್ನ ಒಟ್ಟಿಗೆ ಎಳೆದ್ರೆ ಬರೋ ಅಂತರಾನೇ ಟ್ರೈಟೋನ್, ಅದನ್ನ ಯುರೋಪಲ್ಲಿ ಸೈತಾನನ ಸ್ವರ ಅಂತ ಕರೀತಿದ್ರು.

ಬಯಲುಸೀಮೆ_ಹುಡ್ಗ
ಹೌದು ಅದನ್ನ ಚರ್ಚ್‌ನವ್ರು ಬ್ಯಾನ್ ಮಾಡಿದ್ರಂತೆ, ನುಡಿಸಿದೋರನ್ನ ಜೈಲಿಗೆ ಹಾಕ್ತಿದ್ರಂತೆ, ರೀಲ್ಸಲ್ಲಿ ನೋಡಿದ್ದೆ

ಶ್ರುತಿಪೆಟ್ಟಿಗೆ
ರೀಲ್ಸ್ ಬಿಡಿ ಸ್ವಾಮಿ. ಹಾಡೋಕೆ ಕಷ್ಟ ಅಂತ ಬಳಸ್ಬೇಡಿ ಅಂತಿದ್ರು, ಬ್ಯಾನೂ ಇಲ್ಲ ಜೈಲೂ ಇಲ್ಲ.

ತಮಾಷೆ ಏನ್ ಗೊತ್ತಾ, ಆ ಸೈತಾನನ ಅಂತರ ಅಂದ್ರೆ ನಮ್ಮ ಷಡ್ಜದಿಂದ ಪ್ರತಿಮಧ್ಯಮಕ್ಕೆ (ಸಾದಿಂದ ಎರಡು ಮಾಗಳಲ್ಲಿ ಮೇಲಿನದಕ್ಕೆ) ಇರೋ ದೂರ ಅಷ್ಟೇ. ಕರ್ನಾಟಕ ಸಂಗೀತದ 72 ಮೇಳಕರ್ತದಲ್ಲಿ, ಅಂದ್ರೆ ಮೂಲ ರಾಗಗಳಲ್ಲಿ, 37ರಿಂದ ಮುಂದಕ್ಕೆ ಇರೋ ಅರ್ಧ ರಾಗಗಳಲ್ಲೂ ಅದಿದೆ. ಕಲ್ಯಾಣೀಲಿದೆ! ಮದುವೆ ಮನೇಲಿ ನಾಗಸ್ವರದೋರು ಕಲ್ಯಾಣಿ ಬಾರಿಸಿದ್ರೆ ಯಾರೂ ಎದ್ದು ಓಡಲ್ಲ, ಊಟದ ಎಲೆ ಕಡೆ ಓಡ್ತಾರೆ.

ಒಗ್ಗರಣೆ
ಹಾಗಾದ್ರೆ ಅದೇ ಸ್ವರ ಅವ್ರಿಗ್ಯಾಕೆ ಭಯ ನಮಗ್ಯಾಕೆ ಮಂಗಳ?

ಶ್ರುತಿಪೆಟ್ಟಿಗೆ
ನಮ್ಮಲ್ಲಿ ತಂಬೂರಿ ಸಾ ಪಾ ಹಿಡ್ಕೊಂಡು ಕೂತಿರತ್ತೆ, ಪ್ರತಿಮಧ್ಯಮ ಪಂಚಮದ ಮಡಿಲಿಗೆ ಹೋಗಿ ಒರಗತ್ತೆ. ದಾನ್ಸ್ ಮಕಾಬ್ರ್‌ನಲ್ಲಿ ಆ ಒರಗೋ ಜಾಗಾನೇ ಕೊಡಲ್ಲ, ಬರೀ ಎರಡು ತಂತಿ ಮುಖಾಮುಖಿ ಗುರಾಯಿಸ್ತಾ ನಿಂತಿರ್ತಾವೆ. ಇದು ನನ್ನ ಲೆಕ್ಕಾಚಾರ, ತಪ್ಪಿದ್ರೆ ದೊಡ್ಡೋರು ತಿದ್ದಿ.

ಹುಬ್ಳಿಮಂದಿ
ಇಷ್ಟೆಲ್ಲಾ ಯಾಕ್ರಿ, ಬಾಕ್‌ನ ಟೊಕಾಟಾ ಹಚ್ಚ್ರಿ. ಆರ್ಗನ್ ಒಂದ್ಸಲ ಬೊರ್‍ರ್ ಅಂತಂದ್ರ ಮುಗೀತು, ಯಾರ್ ಕೇಳಿದ್ರೂ ಡ್ರಾಕುಲಾ ಬಂದ ಅಂತಾರ

ಕಾಫಿತೋಟ
ಪಾಪ ಬಾಕ್. ಇಗರ್ಜಿಗೆ ಅಂತ ಆರ್ಗನ್ ಬಾರಿಸಿಕೊಂಡಿದ್ದ ಮನುಷ್ಯ. ಅದಕ್ಕೂ ದೆವ್ವಕ್ಕೂ ಸಂಬಂಧಾನೇ ಇರ್ಲಿಲ್ಲ, 1931ರ ಜೆಕಿಲ್ ಹೈಡ್ ಸಿನಿಮಾದಲ್ಲಿ ಹಾಕಿದ್ರು, ಆಮೇಲೆ ಒಬ್ರಾದ್ಮೇಲೆ ಒಬ್ರು ಹಾಕ್ಕೊಂಡು ಹೋದ್ರು, ಈಗ ಡಿ ಮೈನರ್ ಆರ್ಗನ್ ಕೇಳಿದ್ರೇ ಬಾವಲಿ ನೆನಪಾಗತ್ತೆ. ಅದು ಬಾಕ್ ಬರೆದಿದ್ದೇನಾ ಅಂತಲೇ ಕೆಲವು ವಿದ್ವಾಂಸರಿಗೆ ಅನುಮಾನ ಇದೆ, ಅದಿರ್ಲಿ.

ಪ್ರಾಕ್ಟಿಕಲ್ ತೊಂದರೆ ಬೇರೆ: ಆರ್ಗನ್‌ನ ನಿಜವಾದ ಭಯ ಇರೋದು ಕೆಳಗಿನ ಸ್ವರದಲ್ಲಿ, ಕಾಲಲ್ಲಿ ಒತ್ತೋ ಪೆಡಲ್ ಸ್ವರಗಳು. ಅದು ಎದೆಗೆ ಬಂದು ತಟ್ಬೇಕು. ಅಂಗೈಯಗಲದ ಬ್ಲೂಟೂತ್ ಡಬ್ಬಿ ಆ ಸ್ವರ ಹೊರಗೆ ಹಾಕೋದೇ ಇಲ್ಲ, ಹಾರ್ಮೋನಿಯಮ್ಮಿಗೆ ನೆಗಡಿ ಆದಂಗೆ ಕೇಳ್ಸತ್ತೆ. ನಾನು ಹೋದ್ವರ್ಷ ಮಾಡಿ ಮರ್ಯಾದೆ ಕಳ್ಕೊಂಡಿದೀನಿ. ಚಿಕ್ಕ ಸ್ಪೀಕರ್‌ಗೆ ಪಿಟೀಲು, ಸೆಲೆಸ್ಟಾ (ಪುಟ್ಟ ಗಂಟೆಯಂಥ ಸದ್ದಿನ ಕೀಬೋರ್ಡು), ಕೀ ಕೊಟ್ರೆ ಓಡೋ ಮ್ಯೂಸಿಕ್ ಬಾಕ್ಸ್, ಈ ಥರ ತೆಳು ಸದ್ದಿಂದೇ ಸರಿ. ಸ್ಯಾಂ-ಸಾನ್ಸ್‌ನದೇ ಅಕ್ವೇರಿಯಂ ಅಂತ ಒಂದಿದೆ, ಅದೂ ಹಾಕಿ, ಭಯ ಅಲ್ಲ ಆದ್ರೆ ನೀರೊಳಗೆ ಯಾರೋ ಕರೆದಂಗಿರತ್ತೆ.

ಎಲೆಅಡಿಕೆ
ನನ್ನದೂ ಅಂಗೈಯಗಲದ್ದೇ 😭 ಬರ್ಕೊಂಡೆ. ದಾನ್ಸ್ ಮಕಾಬ್ರ್ ಕೇಳಿಸ್ದೆ, ಮಗಳು "ಇದು ನಮ್ಮ ಮ್ಯೂಸಿಕ್ ಕ್ಲಾಸಲ್ಲಿ ಕೇಳ್ಸಿದಾರೆ" ಅಂದ್ಲು. ಅಪ್ಪ "ಪಿಟೀಲು ಚೆನ್ನಾಗಿದೆ, ತಾಳ ಯಾವ್ದು" ಅಂದ್ರು.

ಚೆಂಡೆಪ್ರಿಯ
ಇದೆಲ್ಲ ಎಂತ ಮಾರಾಯ್ರೆ, ನಮ್ಮ ಚೆಂಡೆ ಹಾಕಿ ನೋಡಿ. ತೆಂಕುತಿಟ್ಟಿನ ಯಕ್ಷಗಾನ ಆಟದಲ್ಲಿ ಬಣ್ಣದ ವೇಷ, ಅಂದ್ರೆ ರಾಕ್ಷಸ ಪಾತ್ರ, ಬರುವಾಗ ಕೂತಿದ್ದೀರಾ ಯಾವಾಗಾದ್ರು? ರಾತ್ರಿ ಎರಡು ಗಂಟೆ, ಅರ್ಧ ಜನ ಚಾಪೆಯಲ್ಲಿ ನಿದ್ದೆ, ಆವಾಗ ದೂರದಿಂದ ಅಟ್ಟಹಾಸ, ದೊಂದಿಗೆ ರಾಳ ಹಾರಿಸಿ ಬೆಂಕಿ ಭಗ್ ಅಂತ ಏಳ್ತದೆ, ಚೆಂಡೆ ಒಂದೇ ಸಮ. ನಾನು ಏಳು ವರ್ಷದವನಿದ್ದಾಗ ಅಜ್ಜನ ಶಾಲು ಒಳಗೆ ಹೊಕ್ಕವನು ಬೆಳಗ್ಗೆಯೇ ಹೊರಗೆ ಬಂದದ್ದು. ನಿಮ್ಮ 12 ಅಡಿಯ ಅಸ್ಥಿಪಂಜರ ಅದರೆದುರು ಏನೂ ಇಲ್ಲ.

ಬಯಲುಸೀಮೆ_ಹುಡ್ಗ
ಸೂಪರ್ ಐಡಿಯಾ. ಹಂಗೇ ಭೂತಕೋಲದ ಆಡಿಯೋನೂ ಹಾಕ್ಬೋದಲ್ವಾ, ಹೆಸರಲ್ಲೇ ಭೂತ ಇದೆ

ಚೆಂಡೆಪ್ರಿಯ
ಇಲ್ಲ. ಅದು ಬೇಡ. ಭೂತ ಅಂದ್ರೆ ದೆವ್ವ ಅಲ್ಲ, ನಮಗೆ ಅದು ದೈವ, ಮನೆ ಕಾಯುವವರು. ಯಕ್ಷಗಾನ ಆಟ, ಕೋಲ ಆರಾಧನೆ, ಎರಡೂ ಒಂದಲ್ಲ. ಕ್ಯಾಂಡಿ ಹಂಚುವಲ್ಲಿ ಅದರ ವಾದ್ಯ ಹಾಕುವುದು ಸರಿಯಲ್ಲ.

ಕಡಲತೀರ
ಚೆಂಡೆಪ್ರಿಯರು ಹೇಳಿದ್ದು ನೂರಕ್ಕೆ ನೂರು. ಇದರ ಮೇಲೆ ಚರ್ಚೆ ಬೇಡ, ಮುಂದೆ ಹೋಗುವ.

ಬಯಲುಸೀಮೆ_ಹುಡ್ಗ
ಗೊತ್ತಿರ್ಲಿಲ್ಲ, ತಪ್ಪಾಯ್ತು. ನಮ್ಮ ಕಡೆ ಭೂತ ಅಂದ್ರೆ ಹುಣಸೇಮರದ್ದು ಅಷ್ಟೇ.

ಜೇನುಗೂಡು
ನಂಗೆ ಒಂದು ಅರ್ಥ ಆಗಲ್ಲ, ಅಮಾವಾಸ್ಯೆ ದಿನ ಕೂದ್ಲು ಕಟ್ ಮಾಡ್ಸಬೇಡ ಅಂತ ಮಕ್ಳಿಗೆ ಹೇಳೋ ನಾವು ಮನೆ ಮುಂದೆ ಹೆಣದ ಬೊಂಬೆ ನಿಲ್ಸಿ ಸಾವಿನ ಮ್ಯೂಸಿಕ್ ಹಾಕೋದು ಯಾವ ನ್ಯಾಯ? ನಮ್ಮ ಹಬ್ಬ ಮಾಡೋಕೆ ರಜೆ ಇಲ್ಲ ಅಂತೀವಿ, ಇದಕ್ಕೆ ಮಾತ್ರ ಟೈಮ್ ಇದೆ

ಒಗ್ಗರಣೆ
2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಂದಿತ್ತು ನೆನಪಿದ್ಯಾ ಅಕ್ಕ. ಬೆಳಿಗ್ಗೆ ಎಣ್ಣೆ ಸ್ನಾನ, ಸಂಜೆ ಕ್ಯಾಂಡಿ. ನಮ್ಮ ಬಾಗಿಲಲ್ಲಿ ಒಂದು ಕಡೆ ಹಣತೆ ಇನ್ನೊಂದು ಕಡೆ ಕುಂಬಳಕಾಯಿ ದೀಪ. ಒಬ್ಬ ಪುಟ್ಟ ಹುಡುಗ ಹಣತೆ ನೋಡಿ "ನಿಮ್ಮ ಪಂಪ್ಕಿನ್ ತುಂಬಾ ಚಿಕ್ಕದು" ಅಂದ. ಎರಡೂ ಮಾಡಿದ್ವಿ, ಯಾರ ಧರ್ಮಾನೂ ಕೆಡ್ಲಿಲ್ಲ.

ಜೇನುಗೂಡು
ಸರಿಯಮ್ಮ, ನಾನೂ ಕ್ಯಾಂಡಿ ತಂದಿಟ್ಟಿದೀನಿ, ಇಡ್ದಿದ್ರೆ ಮಕ್ಳು ಬಿಡಲ್ಲ. ಮ್ಯೂಸಿಕ್ ಮಾತ್ರ ಹಾಕಲ್ಲ

ರಾತ್ರಿಪಾಳಿ
ಯಾವ ಕ್ಯಾಂಡಿ? ದೊಡ್ಡ ಸೈಜಾ ಚಿಕ್ಕದಾ? ಅಡ್ರೆಸ್ ಹಾಕಿ

ಲಯಬ್ರಹ್ಮ_ಅಲ್ಲ
ಯಾರೂ ಇನ್ನೂ ಹ್ಯಾಲೋವೀನ್ ಸಿನಿಮಾದ ಮ್ಯೂಸಿಕ್ ಹೇಳಿಲ್ಲ ಅಂದ್ರೆ ಆಶ್ಚರ್ಯ. 1978, ನಿರ್ದೇಶಕ ಜಾನ್ ಕಾರ್ಪೆಂಟರ್ ತಾನೇ ಮಾಡಿದ್ದು, ಬರೀ ಮೂರು ದಿನದಲ್ಲಿ. ಮೊದ್ಲು ಮ್ಯೂಸಿಕ್ ಇಲ್ದೆ ಸ್ಟುಡಿಯೋ ಕಡೆ ಒಬ್ಬರಿಗೆ ಸಿನಿಮಾ ತೋರಿಸಿದ್ರೆ ಅವ್ರಿಗೆ ಭಯಾನೇ ಆಗ್ಲಿಲ್ವಂತೆ. ಆಮೇಲೆ ಪಿಯಾನೋದಲ್ಲಿ ಆ ಟಿಣ್ ಟಿಣ್ ಸೇರಿಸಿದ್ರು. ಐದರ ಲೆಕ್ಕ ಅದು, ಅವ್ರಪ್ಪ ಸಂಗೀತದ ಮೇಷ್ಟ್ರು, ಚಿಕ್ಕೋನಿದ್ದಾಗ ಬೋಂಗೋ ಮೇಲೆ ಆ ಐದರ ಲಯ ಹೇಳ್ಕೊಟ್ಟಿದ್ರು. ಅಂದ್ರೆ ನಮ್ಮ ಖಂಡಚಾಪು ತಾಳ. ಕಿವಿ ನಾಲ್ಕಕ್ಕೆ ಕಾಯ್ತಿರತ್ತೆ, ಅದು ಐದಕ್ಕೆ ಬಂದು ನಿಲ್ಲತ್ತೆ, ಅದಕ್ಕೇ ಕಾಲು ಕೆಳಗಿನ ಮೆಟ್ಲು ತಪ್ಪಿದಂಗೆ ಅನ್ಸತ್ತೆ.

ಮೃದಂಗದ_ಕರಣೆ
ಖಂಡಚಾಪು ಅಲ್ಲ. ಖಂಡಚಾಪು ತಕ ತಕಿಟ, ಎರಡು ಮೂರು. ಅದರಲ್ಲಿ ಪಿಯಾನೋ ಹೊಡೆಯೋದು ಮೂರು ಮೂರು ಎರಡು ಎರಡು. ತಕಿಟ ತಕಿಟ ತಕ ತಕ. ಒಟ್ಟು ಹತ್ತು. ಕೈಯಲ್ಲಿ ಹಾಕ್ಕೊಂಡು ನೋಡಿ.

ಲಯಬ್ರಹ್ಮ_ಅಲ್ಲ
ಹತ್ತು ಅಂದ್ರೂ ಐದರ ಎರಡರಷ್ಟೇ ಅಲ್ವಾ ಸರ್

ಮೃದಂಗದ_ಕರಣೆ
ಹಾಗಂದ್ರೆ ಆದಿತಾಳ ಎಂಟು, ಎರಡರ ನಾಲ್ಕರಷ್ಟು, ಎಲ್ಲಾ ಒಂದೇ ಅಂತ ಬಿಟ್ಬಿಡೋಣ. ನಡೆ ಎಲ್ಲಿ ಒಡೆಯತ್ತೆ ಅನ್ನೋದೇ ವಿಷಯ.

ಲಯಬ್ರಹ್ಮ_ಅಲ್ಲ
ಹೆಸರಲ್ಲೇ "ಅಲ್ಲ" ಅಂತ ಹಾಕಿದೀನಿ ಸರ್, ಬಿಟ್ಬಿಡಿ 🙏 ಆದ್ರೆ ಡೆಸ್ಕ್ ಮೇಲೆ ತಟ್ಟಿ ನೋಡ್ದೆ, ನೀವು ಹೇಳಿದ್ದೇ ಸರಿ.

ಕಾಫಿತೋಟ
ಲೆಕ್ಕದ ವಿಷ್ಯ ಬಂತಲ್ಲ, ಟ್ಯುಬ್ಯುಲರ್ ಬೆಲ್ಸ್ ಅಂತ 1973ರದ್ದು, ಮೈಕ್ ಓಲ್ಡ್‌ಫೀಲ್ಡ್, ಆವಾಗ ಇಪ್ಪತ್ತರ ಹುಡುಗ. ಅದನ್ನೂ ದೆವ್ವಕ್ಕೆ ಅಂತ ಮಾಡಿದ್ದಲ್ಲ, ಎಕ್ಸಾರ್ಸಿಸ್ಟ್ ಸಿನಿಮಾದೋರು ಎತ್ಕೊಂಡ್ರು. ಅದು ಏಳು, ಎಂಟು, ಏಳು, ಎಂಟು ಅಂತ ಹೋಗತ್ತೆ. ಅಂದ್ರೆ ಸಮ (ತಾಳದ ಮೊದಲ ಏಟು) ಅನ್ನೋದು ಕೈಗೇ ಸಿಗಲ್ಲ.

ಹುಬ್ಳಿಮಂದಿ
ಒಟ್ಟಿನ್ಯಾಗ ಬೆಸ ಲೆಕ್ಕ ಹಾಕಿದ್ರ ದೆವ್ವ ಬರ್ತದ ಅಂತಾತು. ನಮ್ಮ ಮನಿ ಬಾಡಿಗಿ ಲೆಕ್ಕಾನೂ ಹಂಗ ಅದ

ವೀಣೆಯ_ಮನೆ
ಗ್ರೀಗ್‌ನ ಮೌಂಟನ್ ಕಿಂಗ್ ಬಿಟ್ಟೇ ಬಿಟ್ರಲ್ಲ! 1876ರಲ್ಲಿ ರಂಗಕ್ಕೆ ಬಂದ ಇಬ್ಸನ್‌ನ ನಾಟಕಕ್ಕೆ ಮಾಡಿದ್ದು. ಮೆಲ್ಲಗೆ ಕಳ್ಳಹೆಜ್ಜೆ ಥರ ಶುರುವಾಗಿ ಅದೇ ಧಾಟಿ ವೇಗ ಏರ್ತಾ ಏರ್ತಾ ಕೊನೆಗೆ ಎಲ್ಲಾ ವಾದ್ಯ ಮೈಮೇಲೆ ಬಿದ್ದಂಗೆ. ಎರಡೂವರೆ ನಿಮಿಷ ಅಷ್ಟೇ. ಮಕ್ಕಳು ಗೇಟಿಂದ ಬಾಗಿಲಿಗೆ ಬರೋಷ್ಟರಲ್ಲಿ ಏರಿಕೆ ಶುರುವಾದ್ರೆ ತಾವೇ ಓಡೋಕೆ ಶುರು ಮಾಡ್ತಾರೆ, ನಾನು ಕಣ್ಣಾರೆ ನೋಡಿದೀನಿ. ಆದ್ರೆ ಗ್ರೀಗ್‌ಗೇ ಅದು ಇಷ್ಟ ಇರ್ಲಿಲ್ಲ, ಸಗಣಿ ವಾಸನೆ ಹೊಡಿಯತ್ತೆ ಅನ್ನೋ ಅರ್ಥದಲ್ಲಿ ಪತ್ರ ಬರೆದಿದಾನೆ.

ಒಗ್ಗರಣೆ
ಸಗಣಿ ವಾಸನೆ ಅಂದ್ರೆ ನಮಗೆ ಊರ ನೆನಪು, ಅವ್ನಿಗೆ ಅವಮಾನ 😂

ಶೀತಲ_ರಾತ್ರಿ
ನಂದು ಒಂದು ಅನುಭವ. ಮೂರು ವರ್ಷ ಹಿಂದೆ ಜೋರಾಗಿ ಹಾಕಿದ್ದೆ, ಗಿಟಾರು ಡ್ರಮ್ಮು ಎಲ್ಲಾ. ನಾಲ್ಕು ವರ್ಷದ ಒಂದು ಮಗು ಡೈನೋಸಾರ್ ವೇಷದಲ್ಲಿ ಮೆಟ್ಲವರೆಗೂ ಬಂದು ಕಿವಿ ಮುಚ್ಕೊಂಡು ಕೂತ್ಬಿಡ್ತು. ಅವ್ರಮ್ಮ ಏನೂ ಅನ್ಲಿಲ್ಲ, ಎತ್ಕೊಂಡು ಹೋದ್ರು. ನಾನು ಕ್ಯಾಂಡಿ ಹಿಡ್ಕೊಂಡು ಹಿಂದೆ ಓಡಿದೆ, ನನ್ನ ಮುಖಕ್ಕೆ ಬೇರೆ ಬಿಳಿ ಬಣ್ಣ, ಅದು ಇನ್ನೂ ಜೋರಾಗಿ ಕಿರುಚ್ತು. ಅವತ್ತಿಂದ ಏಳೂವರೆ ತನಕ ವಾಲ್ಯೂಮ್ ಪಕ್ಕದೋರ ಮಾತು ಕೇಳೋಷ್ಟು ಮಾತ್ರ. ಪುಟಾಣಿಗಳೆಲ್ಲ ಬೇಗ ಬಂದು ಹೋಗ್ತವೆ, ಎಂಟರ ಮೇಲೆ ಬರೋದು ಮೀಸೆ ಬಂದ ಹುಡುಗ್ರು, ಅವ್ರಿಗೆ ಏನಾದ್ರೂ ಹಾಕಿ.

ಮತ್ತೆ ಮೆಲ್ಲಗೆ ಹಾಕಿದ್ರೇ ಜಾಸ್ತಿ ಭಯ ಅಂತ ಆಮೇಲೆ ಗೊತ್ತಾಯ್ತು. ಎಲ್ಲಿಂದ ಬರ್ತಿದೆ ಅಂತ ಗೊತ್ತಾಗಬಾರ್ದು. ಸ್ಪೀಕರ್ ಬಾಗಿಲ ಹತ್ರ ಇಡ್ಬೇಡಿ, ಪೊದೆ ಹಿಂದೆ ಇಡಿ.

ಲ್ಯಾಬ್‌ಕೋಟು
ಇದಕ್ಕೆ ವಿಜ್ಞಾನಾನೂ ಇದೆ. ಕ್ಯಾಲಿಫೋರ್ನಿಯಾದ ಯುಸಿಎಲ್‌ಎನಲ್ಲಿ ಡೇನಿಯಲ್ ಬ್ಲಮ್‌ಸ್ಟೀನ್ ಅಂತ ಪ್ರಾಣಿಗಳ ಕೂಗು ಅಭ್ಯಾಸ ಮಾಡೋರು, ಮಾರ್ಮಟ್ ಅನ್ನೋ ದೊಡ್ಡ ಅಳಿಲಿನಂಥ ಪ್ರಾಣಿ ಮರಿಗಳು ಹೆದರಿದಾಗ ಕಿರುಚೋ ಸದ್ದಲ್ಲಿ ಸ್ವರ ಒಡೆದು ಒರಟಾಗತ್ತೆ ಅಂತ ನೋಡಿದ್ರು. ಆಮೇಲೆ 2010ರಲ್ಲಿ ಸಿನಿಮಾಗಳ ಸದ್ದನ್ನೂ ಪರೀಕ್ಷೆ ಮಾಡಿದ್ರೆ ಹಾರರ್‌ನಲ್ಲೂ ಅಂಥ ಒಡಕು ಸದ್ದು ಜಾಸ್ತಿ. ಸೈಕೋ ಸಿನಿಮಾದ ಸ್ನಾನದ ಮನೆ ದೃಶ್ಯದ ಕೀಚ್ ಕೀಚ್ ಪಿಟೀಲು ಕೇಳಿ, ಪ್ರಾಣಿ ಕಿರುಚಿದಂಗೇ ಇದೆ. ಅದರ ಮ್ಯೂಸಿಕ್ ಪೂರ್ತಿ ಬರೀ ತಂತಿ ವಾದ್ಯ. ನಿರ್ದೇಶಕ ಹಿಚ್‌ಕಾಕ್ ಆ ದೃಶ್ಯಕ್ಕೆ ಮ್ಯೂಸಿಕ್ಕೇ ಬೇಡ ಅಂದಿದ್ರು, ಸಂಯೋಜಕ ಬರ್ನಾರ್ಡ್ ಹರ್ಮನ್ ಮಾಡಿ ಕೇಳಿಸಿದ್ಮೇಲೆ ಒಪ್ಕೊಂಡ್ರು.

ಇನ್ನೊಂದು, ಇಂಗ್ಲೆಂಡಿನಲ್ಲಿ ವಿಕ್ ಟ್ಯಾಂಡಿ ಅನ್ನೋ ಎಂಜಿನಿಯರ್‌ಗೆ ಲ್ಯಾಬಲ್ಲಿ ಕೂತಾಗ ಮೈ ಜುಂ ಅನ್ನೋದು, ಪಕ್ಕದಲ್ಲಿ ಬೂದು ಬಣ್ಣದ ಆಕೃತಿ ನಿಂತಂಗೆ ಕಾಣೋದು. ಹುಡುಕಿದ್ರೆ ಹೊಸದಾಗಿ ಹಾಕಿದ್ದ ಫ್ಯಾನು, ಸುಮಾರು 19 ಹರ್ಟ್ಸ್ ಸದ್ದು, ಕಿವಿಗೆ ಕೇಳಲ್ಲ. ಫ್ಯಾನ್ ಸರಿ ಮಾಡಿದ್ರು, ದೆವ್ವ ಹೋಯ್ತು. 1998ರಲ್ಲಿ ಅದರ ಬಗ್ಗೆ ಪ್ರಬಂಧಾನೇ ಬರೆದ್ರು. ಎಲ್ಲಾ ದೆವ್ವಕ್ಕೂ ಇದೇ ಕಾರಣ ಅಂತಲ್ಲ, ಆಮೇಲಿನವ್ರು ಮಾಡಿದ್ದೆಲ್ಲ ಒಂದೇ ಥರ ಬಂದಿಲ್ಲ.

ರಾತ್ರಿಪಾಳಿ
ನಮ್ಮ ಪಿಜಿ ಫ್ಯಾನ್ ಕೆಳಗೆ ನಾಲ್ಕು ವರ್ಷ ಮಲಗಿದೀನಿ, ಬರೀ ಓನರ್ ಕಾಣ್ತಿದ್ರು

ಕಡಲತೀರ
ವಾದ್ಯಗಳಲ್ಲಿ ವಾಟರ್‌ಫೋನ್ ಅಂತ ಉಂಟು, ಸ್ಟೀಲಿನ ಪಾತ್ರೆ, ಒಳಗೆ ಸ್ವಲ್ಪ ನೀರು, ಸುತ್ತ ಕಂಬಿಗಳು, ಪಿಟೀಲಿನ ಕಮಾನಿನಲ್ಲಿ ಎಳೆಯುವುದು. ಸಿನಿಮಾದಲ್ಲಿ ಯಾರಾದರೂ ಕತ್ತಲ ಕೋಣೆಗೆ ಹೋಗುವಾಗ ಊಂಯ್ಯ್ ಅಂತ ಬಾಗುವ ಸ್ವರ ಬರ್ತದಲ್ಲ, ಸುಮಾರು ಸಲ ಅದೇ. ಆಮೇಲೆ ಬೆಂಜಮಿನ್ ಫ್ರಾಂಕ್ಲಿನ್ 1761ರಲ್ಲಿ ಮಾಡಿದ ಗ್ಲಾಸ್ ಹಾರ್ಮೋನಿಕ, ನಮ್ಮ ಜಲತರಂಗದ ದೂರದ ನೆಂಟ, ಆದರೆ ಹೊಡೆಯುವುದಲ್ಲ, ಒದ್ದೆ ಬೆರಳಲ್ಲಿ ಗಾಜಿನ ಅಂಚು ಸವರುವುದು. ಅದನ್ನು ಕೇಳಿದರೆ ತಲೆ ಕೆಡ್ತದೆ ಅಂತ ಆ ಕಾಲದಲ್ಲಿ ಸುದ್ದಿ ಹಬ್ಬಿತ್ತು.

ಎಲೆಅಡಿಕೆ
ಎಲ್ರಿಗೂ ಥ್ಯಾಂಕ್ಸ್. ಪಟ್ಟಿ ಹೀಗಿದೆ: ಆರರಿಂದ ಏಳೂವರೆ ಅಕ್ವೇರಿಯಂ, ಗ್ಲಾಸ್ ಹಾರ್ಮೋನಿಕ, ದಾನ್ಸ್ ಮಕಾಬ್ರ್, ಮೌಂಟನ್ ಕಿಂಗ್. ಆಮೇಲೆ ಕಾರ್ಪೆಂಟರ್, ಟ್ಯುಬ್ಯುಲರ್ ಬೆಲ್ಸ್, ಮಧ್ಯ ಒಂದು ಚೆಂಡೆ. ಜಾಹೀರಾತು ಬರ್ದಿರೋ ಹಾಗೆ ಡೌನ್‌ಲೋಡ್ ಮಾಡ್ಕೊಂಡಿದೀನಿ. ಸ್ಪೀಕರ್ ಪೊದೆ ಹಿಂದೆ. 31ರ ರಾತ್ರಿ ಬಂದು ಹೇಳ್ತೀನಿ.

ಎಲೆಅಡಿಕೆ
ವರದಿ ಒಪ್ಪಿಸ್ತಿದೀನಿ. ಸುಮಾರು ಅರವತ್ತು ಮಕ್ಳು ಬಂದ್ರು. ಮೊದಲ್ನೇ ಭಾಗ ಚೆನ್ನಾಗಿ ಹೋಯ್ತು, ಒಂದು ಹುಡುಗಿ ಮೌಂಟನ್ ಕಿಂಗ್ ಬಂದಾಗ ಲಾನಲ್ಲಿ ಸುತ್ತು ಹೊಡೆದು ಹೊಡೆದು ಬಿದ್ಲು, ಎದ್ದು ಮತ್ತೆ ಹೊಡೆದ್ಲು. ಎಂಟು ಗಂಟೆಗೆ ಕ್ಯಾಂಡಿ ತರೋಕೆ ಬೇಸ್‌ಮೆಂಟಿಗೆ ಹೋದೆ, ಫೋನ್ ಜೇಬಲ್ಲೇ ಇತ್ತು, ಬ್ಲೂಟೂತ್ ಕಟ್ ಆಯ್ತು, ನಂಗೆ ಗೊತ್ತೇ ಆಗ್ಲಿಲ್ಲ. ಹೊರಗಡೆ ಪೂರ್ತಿ ನಿಶ್ಶಬ್ದ.

ಅಪ್ಪ ಚಳಿ ಅಂತ ಮಂಕಿ ಟೋಪಿ ಹಾಕ್ಕೊಂಡು, ಬಿಳಿ ಪಂಚೆ, ಮೇಲೊಂದು ಬಿಳಿ ಶಾಲು, ಮೂಲೇಲಿ ಕುರ್ಚಿ ಮೇಲೆ ಕೂತಿದ್ರು, ಕ್ಯಾಂಡಿ ಡಬ್ಬ ತೊಡೆ ಮೇಲೆ. ಮಂಪರು ಹತ್ತಿತ್ತು ಅನ್ಸತ್ತೆ. ನಾಲ್ಕು ದೊಡ್ಡ ಹುಡುಗ್ರು ಬಂದು ಬೊಂಬೆ ಅಂದ್ಕೊಂಡು ಡಬ್ಬಕ್ಕೆ ಕೈ ಹಾಕಿದಾರೆ. ಅಪ್ಪ ಕಣ್ಣು ಬಿಟ್ಟು "ಯಾರಪ್ಪಾ" ಅಂದ್ರಂತೆ, ಅಷ್ಟೇ. ನಂಗೆ ಬೇಸ್‌ಮೆಂಟಿಗೆ ಕೇಳ್ಸಿದ್ದು ಆ ಕಿರುಚಾಟ. ಒಬ್ಬ ಎದುರು ಮನೆ ಅಸ್ಥಿಪಂಜರದವರೆಗೂ ಓಡಿ ಅದಕ್ಕೆ ಡಿಕ್ಕಿ ಹೊಡ್ದ. ಆಮೇಲೆ ನಾಲ್ಕೂ ಜನ ವಾಪಸ್ ಬಂದು ಅಪ್ಪನ ಜೊತೆ ಫೋಟೋ ತೆಗೆಸ್ಕೊಂಡ್ರು. ಮಗಳು ಈಗ ಬೋರಿಂಗ್ ಅನ್ನಲ್ಲ.

ಮೃದಂಗದ_ಕರಣೆ
ಕಾರ್ವೆ (ನಿಶ್ಶಬ್ದದ ಬಿಡುವು) ಬಿಟ್ಟು ಮುಕ್ತಾಯ ಹಾಕೋದು ಅಂದ್ರೆ ಇದು. ಯಜಮಾನರಿಗೆ ನನ್ನ ನಮಸ್ಕಾರ ಹೇಳಿ.

ಲ್ಯಾಬ್‌ಕೋಟು
ಎರಡು ಗಂಟೆ ಕಿವಿ ಮ್ಯೂಸಿಕ್ಕಿಗೆ ಒಗ್ಗಿರತ್ತೆ, ತಟ್ ಅಂತ ನಿಂತ್ರೆ ಮೈಯೆಲ್ಲಾ ಕಿವಿ ಆಗತ್ತೆ. ಹಾಗಾಗಿ ನಮ್ಮ ಪಟ್ಟಿಗೂ ಅರ್ಧ ಕ್ರೆಡಿಟ್ ಕೊಡ್ಬೇಕು

ಜೇನುಗೂಡು
ಆ ಹುಡುಗ್ರು ಆಗ ತಾನೇ ಬಂದೋರು, ನಿಮ್ಮ ಮ್ಯೂಸಿಕ್ಕೇ ಕೇಳಿಲ್ಲ. ಕ್ರೆಡಿಟ್ ಪೂರ್ತಿ ಮಂಕಿ ಟೋಪೀದು

ಹುಬ್ಳಿಮಂದಿ
ಚೆಂಡೆ ಬಾರಿಸಿದ್ರೋ ಇಲ್ಲೋ?

ಎಲೆಅಡಿಕೆ
ಬಾರಿಸ್ದೆ, ಒಂಬತ್ತಕ್ಕೆ. ಎದುರು ಮನೆಯವ್ರು ಬಂದು ಇದು ಯಾವ ಬ್ಯಾಂಡು ಅಂತ ಕೇಳ್ಕೊಂಡು ಹೋದ್ರು. ಲಿಂಕ್ ಕಳ್ಸಿದೀನಿ.

ಚೆಂಡೆಪ್ರಿಯ
ಬ್ಯಾಂಡ್!! 😄 ಇರಲಿ, ಕೇಳಿದ್ರಲ್ಲ.

ರಾತ್ರಿಪಾಳಿ
ಕ್ಯಾಂಡಿ ಉಳ್ದಿದ್ಯಾ

ಎಲೆಅಡಿಕೆ
ಒಂದು ಡಬ್ಬ. ಅಮ್ಮ ಆಗ್ಲೇ ಎತ್ತಿಟ್ಟಿದಾರೆ, ನಾಳೆ ರಾಜ್ಯೋತ್ಸವಕ್ಕೆ ಕನ್ನಡ ಕ್ಲಾಸ್ ಮಕ್ಳಿಗೆ ಹಂಚ್ತಾರಂತೆ. ಅಪ್ಪ ಕೆಂಪು ಹಳದಿ ಶಾಲು ಹುಡುಕ್ತಿದಾರೆ.